ಮನದ ಮಂಡಿಗೆಯೂ ರಕ್ತದೊತ್ತಡವೂ

ಬೆಳಗಾವಿ ಸೀಮೆಯ ಮಂಡಿಗೆ ನಾಜೂಕಿನ ಅಡುಗೆ. ಕಣಕವನ್ನು ಕೈಮೇಲೆ ಆಡಿಸುತ್ತ ಹಾಳೆಯಷ್ಟು ತೆಳ್ಳಗೆ ಹಿಗ್ಗಿಸಿ, ಬೋರಲು ಹಾಕಿದ ಬಾಣಲೆಯ ಮೇಲೆ ಬೇಯಿಸಬೇಕು. ಎಲ್ಲರ ಕೈಗೂ ಹತ್ತುವ ವಿದ್ಯೆಯಲ್ಲ. ಅದಕ್ಕೇ ಇರಬೇಕು, ಒಲೆ ಹೊತ್ತಿಸದೆಯೇ ಸವಿಯುವವರನ್ನು ‘ಮನಸ್ಸಿನಲ್ಲೇ ಮಂಡಿಗೆ ತಿನ್ನುವವರು’ ಎಂದು ನಮ್ಮ ಹಿರಿಯರು ಕುಟುಕಿದ್ದು.

ಈ ಮಂಡಿಗೆಯನ್ನು ತಕ್ಕಡಿಗೆ ಹಾಕಿ ತೂಗಿದವರು ಜರ್ಮನಿ ಮೂಲದ ಮನೋವಿಜ್ಞಾನಿ ಗೇಬ್ರಿಯೆಲ್ ಎಟಿಂಗೆನ್. ತೂಗಿದ್ದು ಅಕ್ಷರಶಃ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರನ್ನು ಅವರು ಎರಡು ಸಂಗತಿ ಕೇಳಿದರು: ಗುರಿ ಮುಟ್ಟುತ್ತೀರೆಂಬ ಭರವಸೆ ಎಷ್ಟಿದೆ? ಮುಂದಿನ ದಿನಗಳನ್ನು ಕಲ್ಪಿಸಿಕೊಂಡರೆ ಏನು ಕಾಣುತ್ತದೆ? ಒಂದು ವರ್ಷ ಕಳೆಯಿತು. ‘ನನ್ನಿಂದ ಆಗುತ್ತದೆ’ ಎಂದವರು ಹೆಚ್ಚು ತೂಕ ಇಳಿಸಿಕೊಂಡಿದ್ದರು. ಅಲ್ಲಿಯವರೆಗೆ ಸರಿ. ಆದರೆ ತೆಳ್ಳಗಾದ ತಮ್ಮ ರೂಪವನ್ನು ಬಣ್ಣಬಣ್ಣವಾಗಿ ಕಂಡು ಹಿಗ್ಗಿದವರು, ದಾರಿಯ ಕಷ್ಟವನ್ನೂ ಕಂಡವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು. ಥಾಮಸ್ ವಾಡನ್ ಜೊತೆಗೂಡಿ ಎಟಿಂಗೆನ್ ಇದನ್ನು ಪ್ರಕಟಿಸಿದ್ದು 1991ರಲ್ಲಿ. ಜರ್ಮನಿಯ ಪದವೀಧರರ ಕಥೆಯೂ ಹೀಗೆಯೇ: ಒಳ್ಳೆಯ ನೌಕರಿಯ ಕನಸಿನಲ್ಲಿ ಹೆಚ್ಚು ತೇಲಿದವರಿಗೆ ಎರಡು ವರ್ಷದ ನಂತರ ಸಿಕ್ಕಿದ ಸಂಬಳ ಕಡಿಮೆ.

ಸಕಾರಾತ್ಮಕ ಚಿಂತನೆ ಎಂಬ ಒಂದೇ ಚೀಲಕ್ಕೆ ನಾವು ಎರಡು ಬೇರೆ ಸರಕು ತುಂಬಿದ್ದೇವೆ. ಭರವಸೆ ಹುಟ್ಟುವುದು ಹಿಂದೆ ಮಾಡಿ ನೋಡಿದ ಅನುಭವದಿಂದ. ಹಗಲುಗನಸಿಗೆ ಅಂಥ ಜಮಾಖರ್ಚು ಬೇಕಿಲ್ಲ.

ಕನಸು ಕಾಲನ್ನೇಕೆ ಎಳೆಯುತ್ತದೆ? ಹೆದರ್ ಕಾಪೆಸ್ ಮತ್ತು ಎಟಿಂಗೆನ್ 2011ರಲ್ಲಿ ರಕ್ತದೊತ್ತಡ ಅಳೆದು ನೋಡಿದರು. ಕೆಲಸಕ್ಕೆ ಸೊಂಟ ಕಟ್ಟುವಾಗ ಸಿಸ್ಟೋಲಿಕ್ ಒತ್ತಡ, ಅಂದರೆ ವೈದ್ಯರು ಹೇಳುವ ಮೇಲಿನ ಅಂಕಿ, ಕೊಂಚ ಏರುತ್ತದೆ. ಎಲ್ಲವೂ ಚೆನ್ನಾಗಿ ನಡೆದಂತೆ ಕಲ್ಪಿಸಿಕೊಂಡವರಲ್ಲಿ ಅದು ಇಳಿಯಿತು. ಗೆದ್ದಾಯಿತೆಂದು ದೇಹ ಚಾಪೆ ಹಾಸಿಕೊಂಡಂತೆ! ಬಳಲಿದವರಿಗೆ ಇದು ಹಿತವೇ. ನಾಳೆ ಪರೀಕ್ಷೆ ಇರುವವರಿಗಲ್ಲ.

ಎಟಿಂಗೆನ್ ಕನಸನ್ನು ಬಿಡಿ ಎನ್ನುವುದಿಲ್ಲ. ಬಯಕೆಯನ್ನು ಕಂಡ ಮರುಗಳಿಗೆಯೇ ತಮ್ಮೊಳಗಿನ ಅಡ್ಡಿಯನ್ನೂ ಕಾಣಬೇಕು, ಅದು ಎದುರಾದಾಗ ಏನು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು ಎನ್ನುತ್ತಾರೆ. ‘ಓದುವಾಗ ಕೈ ಫೋನಿನತ್ತ ಹೋದರೆ, ಅದನ್ನು ಪಕ್ಕದ ಕೋಣೆಯಲ್ಲಿಟ್ಟು ಬರುತ್ತೇನೆ’ ಎನ್ನುವಷ್ಟು ಸಣ್ಣ ನಿರ್ಧಾರ ಸಾಕು. ಅಡ್ಡಿ ದಾಟಲಾಗದ್ದೆಂದು ತೋರಿದರೆ ಕೆಲವರು ಗುರಿಯನ್ನೇ ಬಿಡುತ್ತಾರೆ. ಅದೂ ಲಾಭವೇ.

ಕನಸಿನ ಮಾತು ಇಷ್ಟಾಯಿತು, ಇನ್ನು ದುಡಿಮೆ. ಇಲ್ಲಿ ಎಲ್ಲರೂ ಹೇಳುವ ಅಂಕಿ, ನಿಪುಣರಾಗಲು ಬೇಕೆನ್ನುವ 10,000 ಗಂಟೆಯ ಅಭ್ಯಾಸ. ಲೇಖಕ ಮಾಲ್ಕಂ ಗ್ಲ್ಯಾಡ್‌ವೆಲ್ 2008ರ ಪುಸ್ತಕದಲ್ಲಿ ಅದನ್ನು ಮನೆಮಾತಾಗಿಸಿದರು. ಅದರ ಮೂಲ, ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಮೇಲೆ ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನ. 18ರ ವಯಸ್ಸಿಗೆ ಅತ್ಯುತ್ತಮರು ಸರಾಸರಿ 7,400 ಗಂಟೆ ಏಕಾಂತದಲ್ಲಿ ಸಾಧನೆ ಮಾಡಿದ್ದರೆ, ಉತ್ತಮರದು 5,300, ಮುಂದೆ ಸಂಗೀತ ಶಿಕ್ಷಕರಾಗಲಿದ್ದವರದು 3,400. ಗಂಟೆ ತುಂಬಿಸಿದರೆ ಸಾಕೆಂಬ ಅರ್ಥ ಎರಿಕ್ಸನ್‌ಗೆ ಒಪ್ಪಿಗೆಯಿರಲಿಲ್ಲ. ತಪ್ಪಿದ ಜಾಗವನ್ನೇ ಹಿಡಿದು ತಿದ್ದುವ ಅಭ್ಯಾಸ ಅವರ ವಾದದ ತಿರುಳು. 2019ರಲ್ಲಿ ಬ್ರೂಕ್ ಮ್ಯಾಕ್‌ನಮಾರ ಅದೇ ಬಗೆಯ ಅಧ್ಯಯನ ಮಾಡಿದಾಗ ಉತ್ತಮರೂ ಅತ್ಯುತ್ತಮರೂ 20ರ ವಯಸ್ಸಿಗೆ ಹೆಚ್ಚುಕಡಿಮೆ ಸಮಾನವಾಗಿ, ಸುಮಾರು 11,000 ಗಂಟೆ ದುಡಿದಿದ್ದರು. ದುಡಿಮೆ ಮೇಲಿನ ಪಂಕ್ತಿಗೆ ಒಯ್ದಿತು. ಮೊದಲನೆಯವರು ಯಾರೆಂಬುದನ್ನು ಅದೊಂದೇ ತೀರ್ಮಾನಿಸಲಿಲ್ಲ.

ಬರ್ಲಿನ್ ಅಧ್ಯಯನದ ಇನ್ನೊಂದು ಅಂಕಿಯನ್ನು ಮಾತ್ರ ಯಾರೂ ಗೋಡೆಗೆ ಅಂಟಿಸಿಕೊಳ್ಳಲಿಲ್ಲ. ಹೆಚ್ಚು ಅಭ್ಯಾಸ ಮಾಡುತ್ತಿದ್ದ ಆ ಪಿಟೀಲುಗಾರರು ಮಧ್ಯಾಹ್ನದ ಕಿರುನಿದ್ದೆಯೂ ಸೇರಿ ದಿನಕ್ಕೆ ಸರಾಸರಿ 8.6 ಗಂಟೆ ಮಲಗುತ್ತಿದ್ದರು.