ನಿಮಗಿದು ಗೊತ್ತೆ? ಊರು ದಾಟಿದರೆ ಬೆಲೆ ಇಳಿಯುತ್ತಿದ್ದ ಡಾಲರ್!

ಇಂದು ಜಗತ್ತೆಲ್ಲ ನಂಬುವ ಅಮೆರಿಕದ ಡಾಲರ್ ನೋಟಿಗೆ ಒಂದು ಕಾಲದಲ್ಲಿ ತನ್ನ ದೇಶದೊಳಗೇ ಎಲ್ಲೆಡೆ ಒಂದೇ ಬೆಲೆ ಇರಲಿಲ್ಲ.

* 1836ರಲ್ಲಿ ರಾಷ್ಟ್ರಮಟ್ಟದ ಬ್ಯಾಂಕಿನ ಸನ್ನದು ಮುಗಿಯಿತು. ನೋಟು ಹೊರಡಿಸುವ ಕೆಲಸವೆಲ್ಲ ರಾಜ್ಯಗಳ ಪರವಾನಗಿ ಪಡೆದ ನೂರಾರು ಬ್ಯಾಂಕುಗಳ ಪಾಲಾಯಿತು. ಬ್ಯಾಂಕಿಗೊಂದು ವಿನ್ಯಾಸ, 3 ಡಾಲರಿನ ನೋಟೂ ಇತ್ತು!

* ನೋಟು ಕೊಟ್ಟು ಚಿನ್ನ, ಬೆಳ್ಳಿ ನಾಣ್ಯ ಪಡೆಯಲು ಅದನ್ನು ಹೊರಡಿಸಿದ ಬ್ಯಾಂಕಿಗೇ ಹೋಗಬೇಕು. ಹಾಗಾಗಿ ದೂರದೂರಿನ ನೋಟಿಗೆ ವ್ಯಾಪಾರಿಗಳು ವಟ್ಟ ಮುರಿದುಕೊಳ್ಳುತ್ತಿದ್ದರು. ಯಾವ ನೋಟಿಗೆ ಎಷ್ಟು ಬೆಲೆ, ಯಾವುದು ಖೋಟಾ ಎಂದು ತಿಳಿಸುವ ಪತ್ರಿಕೆಗಳೇ ಅಚ್ಚಾಗುತ್ತಿದ್ದವು. ಅಂಗಡಿಯವರು ಅವನ್ನು ನೋಡಿಯೇ ನೋಟು ಮುಟ್ಟುತ್ತಿದ್ದರು.

* ಫ್ರೆಂಚ್ ಮಾತನಾಡುವವರು ಹೆಚ್ಚಿದ್ದ ಲೂಸಿಯಾನಾದಲ್ಲಿ ಬ್ಯಾಂಕೊಂದರ 10 ಡಾಲರ್ ನೋಟಿನ ಮೇಲೆ ‘ಡೀಸ್’ (ಫ್ರೆಂಚ್‌ನಲ್ಲಿ ಹತ್ತು) ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

* ಅಂತರ್ಯುದ್ಧದ ನಡುವೆ, 1863ರಲ್ಲಿ ರಾಷ್ಟ್ರೀಯ ಬ್ಯಾಂಕ್ ಕಾಯ್ದೆ ಬಂತು. ಏಕರೂಪದ ನೋಟುಗಳು ಹುಟ್ಟಿದರೂ ಅವುಗಳ ಮೇಲೆ ಹೊರಡಿಸಿದ ಬ್ಯಾಂಕಿನ ಮತ್ತು ಊರಿನ ಹೆಸರು ಉಳಿಯಿತು. ರಾಜ್ಯ ಬ್ಯಾಂಕುಗಳ ನೋಟಿನ ಮೇಲೆ 1865ರಲ್ಲಿ ವಿಧಿಸಿದ ಶೇ 10ರ ತೆರಿಗೆ ಅವನ್ನು ಚಲಾವಣೆಯಿಂದಲೇ ಹೊರದಬ್ಬಿತು.

ನೋಟಿನ ಬೆಲೆ ಕಾಗದದಲ್ಲಿಲ್ಲ, ಅದರ ಹಿಂದಿನ ನಂಬಿಕೆಯಲ್ಲಿದೆ.