ಕಾರ್ಬೈಡ್: ಬೆಸುಗೆಗೆ ಸರಿ, ಹಣ್ಣಿಗೆ ಏಕೆ ಬೇಡ?

ಮಾವಿನ ಕಾಲ ಬಂತೆಂದರೆ 'ಇದು ಕಾರ್ಬೈಡ್ ಹಾಕಿದ ಹಣ್ಣು' ಎಂಬ ಮಾತು ಎಲ್ಲರ ಮನೆಯಲ್ಲೂ ಕೇಳಿಬರುತ್ತದೆ. ನನ್ನ ಮಾಮು ಅವರ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣ ಬೆಸೆಯುವುದೂ ಇದೇ ಕಾರ್ಬೈಡ್‌ನಿಂದ ಬರುವ ಅಸಿಟಿಲೀನ್ ಗ್ಯಾಸಿನಿಂದ. ಅಲ್ಲಿ ಉಪಕಾರಿಯಾದದ್ದು ಹಣ್ಣಿಗೆ ಏಕೆ ನಿಷಿದ್ಧ? ಅದರ ತಯಾರಿಕೆಯನ್ನು ತಿಳಿದರೆ ಉತ್ತರ ಸಿಗುತ್ತದೆ.

ಮೊದಲು ಸುಣ್ಣದ ಕಲ್ಲನ್ನು ಸುಟ್ಟು ಸುಟ್ಟ ಸುಣ್ಣ ಮಾಡುತ್ತಾರೆ. ಅದನ್ನು ಕೋಕ್ ಜೊತೆ ಬೆರೆಸಿ ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಸಮೀಕರಣದ ಲೆಕ್ಕದಲ್ಲಿ 56 ಕಿಲೋ ಸುಣ್ಣ ಮತ್ತು 36 ಕಿಲೋ ಇಂಗಾಲದಿಂದ 64 ಕಿಲೋ ಕ್ಯಾಲ್ಸಿಯಂ ಕಾರ್ಬೈಡ್ ಸಿಗುತ್ತದೆ. ಉಳಿದ 28 ಕಿಲೋ ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಹೋಗುತ್ತದೆ. ಕರಗಿದ ಕಾರ್ಬೈಡ್ ತಣ್ಣಗಾದ ಮೇಲೆ ಬೂದು ಬಣ್ಣದ ಕಲ್ಲಾಗುತ್ತದೆ. 1892ರಲ್ಲಿ ಅಮೆರಿಕದಲ್ಲಿ ಥಾಮಸ್ ವಿಲ್ಸನ್ ಈ ವಿಧಾನವನ್ನು ಕಂಡುಕೊಂಡರು. ಅವರು ತಯಾರಿಸಲು ಹೊರಟಿದ್ದದ್ದು ಕ್ಯಾಲ್ಸಿಯಂ ಲೋಹ!

ಈ ಕಲ್ಲಿಗೆ ನೀರು ತಾಗಿದರೆ ಸಾಕು, ಅಸಿಟಿಲೀನ್ ಹೊರಡುತ್ತದೆ. ಅರಳಿದ ಸುಣ್ಣ ಉಳಿಯುತ್ತದೆ. ಜೊತೆಗೆ ಬಹಳ ಶಾಖವೂ ಹುಟ್ಟುತ್ತದೆ. 64 ಕಿಲೋ ಕಾರ್ಬೈಡ್‌ನಿಂದ 26 ಕಿಲೋ ಗ್ಯಾಸ್ ಬರುತ್ತದೆ. ಆಮ್ಲಜನಕದೊಂದಿಗೆ ಉರಿದಾಗ ಅದರ ಜ್ವಾಲೆ 3000 ಡಿಗ್ರಿ ದಾಟುತ್ತದೆ. ಆದರೆ ಅಸಿಟಿಲೀನನ್ನು ಹಾಗೆಯೇ ಒತ್ತಿ ತುಂಬಿದರೆ ಸಿಡಿಯಬಹುದು. ಆದ್ದರಿಂದ ಸಿಲಿಂಡರಿನೊಳಗೆ ಸಣ್ಣ ರಂಧ್ರಗಳಿರುವ ವಸ್ತುವನ್ನು ತುಂಬಿ, ಅದು ಹೀರಿಕೊಂಡ ಅಸಿಟೋನ್ ದ್ರವದಲ್ಲಿ ಗ್ಯಾಸನ್ನು ಕರಗಿಸಿಡುತ್ತಾರೆ.

ಈಗ ಹಣ್ಣಿನ ವಿಷಯ. ಸುಣ್ಣದ ಕಲ್ಲು, ಕೋಕ್ ಎರಡೂ ಶುದ್ಧವಲ್ಲ. ಅವುಗಳಲ್ಲಿರುವ ರಂಜಕ, ಆರ್ಸೆನಿಕ್‌ನ ಅಂಶ ಕುಲುಮೆಯಿಂದ ಕಾರ್ಬೈಡ್‌ಗೂ ಬರುತ್ತದೆ. ನೀರು ತಾಗಿದಾಗ ಅವು ಫಾಸ್ಫೀನ್, ಆರ್ಸೀನ್ ಎಂಬ ವಿಷಾನಿಲಗಳಾಗುತ್ತವೆ. ಕಾರ್ಬೈಡ್‌ನ ಬೆಳ್ಳುಳ್ಳಿಯಂಥ ವಾಸನೆ ಈ ಕಲ್ಮಶಗಳದ್ದು. ಶುದ್ಧ ಅಸಿಟಿಲೀನ್‌ಗೆ ಅಂಥ ವಾಸನೆಯಿಲ್ಲ. ಕಾರ್ಖಾನೆಯಲ್ಲಿ ಗ್ಯಾಸನ್ನು ಶುದ್ಧೀಕರಿಸಿ ಸಿಲಿಂಡರಿಗೆ ತುಂಬುತ್ತಾರೆ. ಮಾವಿನ ಪೆಟ್ಟಿಗೆಯಲ್ಲಿ ಇಟ್ಟ ಕಾರ್ಬೈಡ್ ಪೊಟ್ಟಣಕ್ಕೆ ಗಾಳಿಯ ತೇವವೇ ಸಾಕು. ಅಲ್ಲಿ ಶುದ್ಧೀಕರಿಸುವವರು ಯಾರೂ ಇಲ್ಲ. ಪೊಟ್ಟಣ ಕಟ್ಟುವ ಕೂಲಿಕಾರರ ಕಣ್ಣು, ಬೆವರಿದ ಕೈಗೆ ಪುಡಿ ತಾಗಿದರೆ ಅಲ್ಲೇ ಸುಡುತ್ತದೆ.

ಅದಕ್ಕಾಗಿಯೇ 2011ರ ಆಹಾರ ಸುರಕ್ಷತಾ ನಿಯಮಗಳು ಅಸಿಟಿಲೀನ್‌ನಿಂದ ಹಣ್ಣು ಮಾಗಿಸುವುದನ್ನು ನಿಷೇಧಿಸಿವೆ. ಬದಲಿಗೆ, ಹಣ್ಣುಗಳು ತಾವೇ ಬಿಡುವ ಎಥಿಲೀನ್ ಅನಿಲವನ್ನು ಹತ್ತು ಲಕ್ಷ ಭಾಗಕ್ಕೆ 100 ಭಾಗದವರೆಗೆ ಬಳಸಲು ಅನುಮತಿಯಿದೆ. ಮನೆಯಲ್ಲಾದರೆ ಅಷ್ಟೂ ಬೇಡ. ಬಲಿತ ಕಾಯಿ ತಂದು ಒಣಹುಲ್ಲಿನಲ್ಲಿಟ್ಟು ಕೆಲವು ದಿನ ಕಾದರೆ ಹಣ್ಣು ತಾನೇ ಮಾಗುತ್ತದೆ. ಪೇಟೆಯಿಂದ ತಂದ ಹಣ್ಣನ್ನು ಚೆನ್ನಾಗಿ ತೊಳೆದೇ ತಿನ್ನೋಣ. ಪೆಟ್ಟಿಗೆಯಲ್ಲಿ ಬಿಳಿ ಪುಡಿಯ ಪೊಟ್ಟಣ ಕಂಡರೆ ಕೈ ಹಾಕದೆ, ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸೋಣ.