ಹರಿಯುವ ನೀರಿಗೆ ಹಾದಿ ಬಿಡೋಣ: ಬಳಕೆ ತಪ್ಪಿದ ಚೆಕ್ ಡ್ಯಾಂಗಳ ಕುರಿತು ಒಂದು ವಿಚಾರ

ಶರಣ ಪರಂಪರೆಯಲ್ಲಿ ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು ಪೂಜೆಗೆ ಸಮಾನವಾದ ಕಾಯಕ. ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ಕಟ್ಟಿ ಲೋಕಕ್ಕೆ ನೀರುಣಿಸಿದ ಮಹಾನುಭಾವರು. ಅಂಥವರ ಬಳಿಗೂ ಅಲ್ಲಮಪ್ರಭುಗಳು ಬಂದು, ಕಟ್ಟುವ ಕಾರ್ಯದಲ್ಲೇ ಮಗ್ನರಾಗಿದ್ದ ಅವರನ್ನು ಪ್ರಶ್ನಿಸಿ ಎಚ್ಚರಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಆ ಪ್ರಸಂಗದ ಆಧ್ಯಾತ್ಮಿಕ ಅರ್ಥ ಬಹು ದೊಡ್ಡದು. ಆದರೂ ‘ಕಟ್ಟಿದ್ದು ಏತಕ್ಕಾಗಿ? ಆ ಉದ್ದೇಶ ಇಂದಿಗೂ ನೆರವೇರುತ್ತಿದೆಯೇ?’ ಎಂದು ಕೇಳಿಕೊಳ್ಳುವ ಧೈರ್ಯವನ್ನು ಲೌಕಿಕದಲ್ಲಿಯೂ ಅದು ನಮಗೆ ಕಲಿಸುತ್ತದೆ. ನಮ್ಮ ಹಳ್ಳಕೊಳ್ಳಗಳಿಗೆ ಅಡ್ಡಲಾಗಿ ನಿಂತಿರುವ ಚೆಕ್ ಡ್ಯಾಂಗಳ ವಿಷಯದಲ್ಲಿ ಈಗ ಆ ಪ್ರಶ್ನೆಯನ್ನು ಕೇಳಬೇಕಾಗಿದೆ.

ವಳ್ಳೂರು, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಮಾತ್ರ ಮೈದುಂಬುವ ಇಂತಹ ಹೊಳೆಗಳಿಗೆ ಮರಳೇ ಉಗ್ರಾಣ. ಮರಳಿನ ಕಣಗಳ ನಡುವೆ ನಿಂತ ನೀರಿಗೆ ಬಿಸಿಲು ತಾಗದು. ಸೋಸಿ ಬರುವುದರಿಂದ ಅದು ತಿಳಿಯಾಗಿಯೂ ಇರುತ್ತದೆ. ಹೊಳೆಯ ಪಾತ್ರದಲ್ಲಿ, ಕೆರೆಯಂಗಳದಲ್ಲಿ ಹೀಗೆ ಜಿನುಗುವ ಒರತೆಗಳನ್ನೇ ನಮ್ಮ ಹಿರಿಯರು ‘ತಲಪರಿಗೆ’ ಎಂದು ಕರೆದು, ವರ್ಷಕ್ಕೊಮ್ಮೆ ಹೂಳು ತೆಗೆದು, ಪೂಜಿಸಿ ಕಾಪಾಡಿಕೊಂಡು ಬಂದರು.

ಸರಿಯಾದ ಸ್ಥಳದಲ್ಲಿ ಕಟ್ಟಿದ, ಹೂಳು ತೆಗೆಯುತ್ತಿರುವ ಚೆಕ್ ಡ್ಯಾಂ ನೀರನ್ನು ಇಂಗಿಸುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಗಳ ಕಾಲ ಯಾರೂ ಗಮನಿಸದಿದ್ದರೆ ಅದರ ಹಿಂಬದಿಯಲ್ಲಿ ನುಣುಪಾದ ಮಣ್ಣು ಪದರಗಟ್ಟಿ ಮರಳಿನ ಬಾಯನ್ನು ಮುಚ್ಚುತ್ತದೆ. ಆಗ ನಿಂತ ನೀರು ಕೆಳಗಿಳಿಯದೆ ಪಾಚಿಗಟ್ಟಿ, ಆವಿಯಾಗಿ ಹೋಗುತ್ತದೆ. ಕೆಳಪಾತ್ರಕ್ಕೆ ಹೊಸ ಮರಳೂ ಬಾರದು, ಮೊದಲ ಮಳೆಯ ನೀರೂ ಬಾರದು. ಒಂದೇ ಹಳ್ಳಕ್ಕೆ ಇಂತಹ ಕಟ್ಟೆಗಳು ಸಾಲುಗಟ್ಟಿ ನಿಂತರೆ ಕೆಳಗಿನ ಊರಿನ ಕೆರೆ ಬರಿದಾಗುತ್ತದೆ.

ಹಳೆಯ ಕೆರೆಗಳ ಕ್ರಮವೇ ಬೇರೆ. ಅವಕ್ಕೆ ತೂಬಿತ್ತು, ಕೋಡಿಯಿತ್ತು, ನೀರುಗಂಟಿಯಿದ್ದ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಮುಂದಕ್ಕೆ ಕಳಿಸುವುದು ನೀರಿನ ದಾಸೋಹವೇ ಸರಿ. ಆದ್ದರಿಂದ ಈ ಲೇಖನದ ಮಾತು ಪಾರಂಪರಿಕ ಕೆರೆಗಳಿಗೆ ಅನ್ವಯಿಸುವುದಿಲ್ಲ, ಅವುಗಳನ್ನು ಉಳಿಸಿಕೊಳ್ಳಲೇಬೇಕು.

ಅರ್ಕಾವತಿಯ ಉದಾಹರಣೆ ನಮ್ಮ ಕಣ್ಣೆದುರಿಗಿದೆ. ಬೆಂಗಳೂರಿಗೆ ನೀರುಣಿಸಲು 1933ರಲ್ಲಿ ಆ ನದಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಕಾಲಕ್ರಮೇಣ ಒಳಹರಿವು ತೀವ್ರವಾಗಿ ಕುಗ್ಗಿತು. ಕಾರಣವನ್ನು ಶೋಧಿಸಿದ ವಿಜ್ಞಾನಿಗಳು ಮಳೆಯ ಕೊರತೆಯನ್ನು ದೂರಲಿಲ್ಲ. ಮಿತಿಮೀರಿದ ಕೊಳವೆಬಾವಿಗಳು ಹಾಗೂ ನೀಲಗಿರಿ ತೋಪುಗಳು ಮುಖ್ಯ ಕಾರಣವೆಂದೂ, ಹಳ್ಳಗಳಿಗೆ ಒಡ್ಡಿದ ಅಡ್ಡಗಟ್ಟೆಗಳ ಪಾಲೂ ಸ್ವಲ್ಪಮಟ್ಟಿಗೆ ಇದೆಯೆಂದೂ ಹೇಳಿದರು. ಇದರಿಂದ ತಿಳಿಯುವುದೇನೆಂದರೆ, ಕಟ್ಟೆಯೊಂದನ್ನು ತೆಗೆದ ಮಾತ್ರಕ್ಕೆ ಹೊಳೆ ಹರಿಯಲಾರದು. ಮರಳು ಲೂಟಿ ನಿಲ್ಲಬೇಕು, ಕೊಳವೆಬಾವಿಗೆ ಮಿತಿ ಬೇಕು. ಅವುಗಳ ಜೊತೆಗೆ ಹಾದಿಯೂ ತೆರೆದಿರಬೇಕು.

ಇದು ಕೇವಲ ಹೊಳೆಯ ಅಂದಚಂದದ ಮಾತಲ್ಲ, ಕುಡಿಯುವ ನೀರಿನ ಪ್ರಶ್ನೆ. ಮೇಲ್ಪದರದ ಸಿಹಿನೀರು ಬತ್ತಿದಂತೆಲ್ಲ ನಾವು ಆಳಕ್ಕೆ ಕೊರೆದೆವು. ಕಲ್ಲಿನೊಡನೆ ಬಹುಕಾಲ ಬೆರೆತ ಆ ನೀರು ಫ್ಲೋರೈಡನ್ನು ಹೊತ್ತು ತರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ಯೋಗ್ಯವಲ್ಲ. ಪಾವಗಡದ ಮಕ್ಕಳ ಹಲ್ಲಿನ ಕಂದುಗೆರೆ, ಹಿರಿಯರ ಬಾಗಿದ ಮೂಳೆ ಇದಕ್ಕೆ ಸಾಕ್ಷಿ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು. ಮಳೆನೀರು ಮರಳಿನಲ್ಲಿ ಇಂಗಿ ಮೇಲ್ಪದರ ತುಂಬಿಕೊಂಡಾಗ ಆಳದ ನೀರಿನ ಮೇಲಿನ ಅವಲಂಬನೆ ತಗ್ಗುತ್ತದೆ.

ಜಗತ್ತಿನ ಬೇರೆಡೆ ದೊಡ್ಡ ಅಣೆಕಟ್ಟುಗಳನ್ನೇ ತೆಗೆದ ನಿದರ್ಶನಗಳಿವೆ. ಅಮೆರಿಕದ ಎಲ್ವಾ ನದಿಗೆ 1913 ಹಾಗೂ 1927ರಲ್ಲಿ ಪೂರ್ಣಗೊಂಡಿದ್ದ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ಅವಧಿಯಲ್ಲಿ ಹಂತಹಂತವಾಗಿ ತೆರವುಗೊಳಿಸಲಾಯಿತು. ತಡೆಹಿಡಿದಿದ್ದ ಹೂಳು, ಮರಳು ಹರಿದುಬಂದು ನದಿಯ ಮುಖಜ ಮತ್ತೆ ರೂಪುಗೊಂಡಿತು. ಸಾಲ್ಮನ್ ಮೀನುಗಳು ಮೇಲ್ಪಾತ್ರಕ್ಕೆ ಮರಳಿದವು. ಅದು ಸದಾ ಹರಿಯುವ ನದಿ, ನಮ್ಮದು ಮಳೆಯ ಹೊಳೆ. ಆದರೂ ಆತುರಪಡದೆ, ಅಧ್ಯಯನ ಮಾಡಿ, ಹಂತಹಂತವಾಗಿ ತೆಗೆಯಬೇಕೆಂಬ ಪಾಠ ಇಬ್ಬರಿಗೂ ಒಂದೇ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೂ, 10ರಿಂದ 15 ಮೀಟರಿನ ನಡುವಿನವುಗಳಿಗೆ ಕೆಲವು ನಿಬಂಧನೆಗಳೊಡನೆಯೂ ಅನ್ವಯಿಸುತ್ತದೆ. ಹಳ್ಳದ ಚಿಕ್ಕ ಕಟ್ಟೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಅವುಗಳ ಮೇಲೆ ಕಣ್ಣಿಡಬೇಕಾದವರು ಊರಿನವರೇ. ಮಳೆಗಾಲ ಮುಗಿದ ಮೇಲೆ ಪ್ರತಿ ಊರಿನವರೂ ತಮ್ಮ ಹಳ್ಳದುದ್ದಕ್ಕೂ ನಡೆದು ನೋಡಲಿ. ಯಾವ ಕಟ್ಟೆಯಲ್ಲಿ ನೀರು ಇಂಗುತ್ತಿದೆ, ಯಾವುದು ಹೂಳಿನಿಂದ ತುಂಬಿದೆ, ಯಾವುದು ಬಿರುಕುಬಿಟ್ಟು ದಂಡೆಯನ್ನು ಕೊರೆಯುತ್ತಿದೆ ಎಂದು ಪಟ್ಟಿ ಮಾಡಲಿ. ದುರಸ್ತಿಯಾಗಬಲ್ಲವುಗಳ ಹೂಳು ತೆಗೆಸೋಣ. ಆ ಮಣ್ಣು ಪರೀಕ್ಷೆಯ ಬಳಿಕ ಹೊಲಗಳಿಗೆ ಸಲ್ಲಲಿ. ಉಪಯೋಗವೇ ಇಲ್ಲದವುಗಳ ತೆರವಿಗೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಸಂಬಂಧಪಟ್ಟ ಇಲಾಖೆಯ ಎಂಜಿನಿಯರರ ಪರಿಶೀಲನೆಗೆ ಒಪ್ಪಿಸೋಣ. ಯಾರೂ ಸ್ವಂತ ನಿರ್ಧಾರದಿಂದ ಕಟ್ಟೆ ಒಡೆಯಕೂಡದು. ಸುತ್ತಲಿನ ಬಾವಿಗಳ ಸ್ಥಿತಿಯನ್ನು ಅರಿತು, ಬೇಸಿಗೆಯಲ್ಲಿ ಮಾತ್ರ ಈ ಕೆಲಸವಾಗಬೇಕು.

ಮೇಲಿನ ಊರಿನವರಿಗೆ ‘ನಮ್ಮ ನೀರು ಹೋಯಿತು’ ಎಂಬ ಆತಂಕ ಸಹಜ. ಕೆಳಗಿನ ಊರಿನವರ ಬಾಯಾರಿಕೆಯೂ ಅಷ್ಟೇ ಸತ್ಯ. ಎರಡೂ ಊರಿನವರು ಒಂದೆಡೆ ಕುಳಿತು ಅನುಭವ ಮಂಟಪದ ರೀತಿಯಲ್ಲಿ ಮುಕ್ತವಾಗಿ ಚರ್ಚಿಸದೆ ಇದು ಬಗೆಹರಿಯದು. ಕಟ್ಟಿದವರ ಶ್ರಮವನ್ನು ಗೌರವಿಸುತ್ತಲೇ, ಇಂದು ಮಕ್ಕಳಿಗೆ ಬೇಕಾದುದು ಶುದ್ಧ ಜಲವೆಂಬುದನ್ನು ಮನಗಂಡು ಸದ್ಭಕ್ತರೆಲ್ಲರೂ ಈ ಕಾಯಕಕ್ಕೆ ಮುಂದಾಗಬೇಕೆಂದು ವಿನಂತಿ.